ಬೋರ್ಡಿನಿಂದ ಬಿಟ್ಟುಹೋದ ಸೊನ್ನೆ

“ಮೇಡಮ್ಮರ, ನಮ್ಮ ಸೆಕ್ಷನ್ ಬಂದ್ ಮಾಡಾಕತ್ತಾರೇನ್ರಿ? ಬೋರ್ಡಿನ್ಯಾಗ ನಮ್ಮ ಹೆಸರ ಇಲ್ಲಲ್ರಿ!”

ಪೇಂಟಿಂಗ್ ವಿಭಾಗದ ಖಾಸಿಂ ಕಾಕಾ ನನ್ನ ಮೇಜಿನ ಮುಂದೆ ನಿಂತು ಕೇಳಿದಾಗ ನನಗೂ ಗಾಬರಿಯಾಯಿತು. ಲಕಮನಹಳ್ಳಿಯ ನಮ್ಮ ಕಾರ್ಖಾನೆಯಲ್ಲಿ ಯಾವ ವಿಭಾಗದಲ್ಲಿ ಎಷ್ಟು ಅಪಘಾತವಾದವು ಎಂಬ ತಿಂಗಳ ಚಾರ್ಟನ್ನು ಅಂದು ಬೆಳಿಗ್ಗೆ ನಾನೇ ಬೋರ್ಡಿಗೆ ಹಚ್ಚಿದ್ದೆ. ಪೇಂಟಿಂಗ್ ಬಿಟ್ಟು ಉಳಿದೆಲ್ಲ ವಿಭಾಗಗಳೂ ಅದರಲ್ಲಿದ್ದವು. ಕೆಲಸ ಹೋಯಿತೆಂಬ ಚಿಂತೆಯಲ್ಲಿ ಆ ವಿಭಾಗದ ಹನ್ನೊಂದು ಮಂದಿ ಊಟದ ಡಬ್ಬಿ ಬಿಚ್ಚದೆ ಕುಳಿತಿದ್ದರಂತೆ.

ಚಾರ್ಟಿನ ಅಂಕಿಗಳನ್ನು ಹೆಕ್ಕಿ ತೆಗೆಯಲು ಕಂಪ್ಯೂಟರಿನಲ್ಲಿ ನಾನು ಬರೆದಿದ್ದ ಕ್ವೆರಿ ತೆರೆದು ನೋಡಿದೆ. ತಪ್ಪು ನನ್ನದೇ. ಅಪಘಾತಗಳ ಪಟ್ಟಿಯಿಂದಲೇ ವಿಭಾಗಗಳ ಹೆಸರು ತೆಗೆದುಕೊಂಡಿದ್ದೆ. ಒಂದೂ ಅಪಘಾತವಾಗದ ವಿಭಾಗ ಅಲ್ಲಿಗೆ ಬರುವುದಾದರೂ ಹೇಗೆ? ಮೊದಲು ವಿಭಾಗಗಳ ಪೂರ್ತಿ ಪಟ್ಟಿ ಇಟ್ಟು, ಅದಕ್ಕೆ ಅಪಘಾತಗಳನ್ನು ಜೋಡಿಸಿ, ಏನೂ ಸಿಗದ ಕಡೆ ಸೊನ್ನೆ ಬರುವಂತೆ ತಿದ್ದಿದೆ. ಹೊಸ ಚಾರ್ಟನ್ನು ಕಾಕಾ ಅವರ ಕೈಗೇ ಕೊಟ್ಟೆ.

ಅವರು ತಮ್ಮ ವಿಭಾಗದ ಹೆಸರಿನ ಮೇಲೆ ಬೆರಳಿಟ್ಟು ನಕ್ಕರು. “ಸೊನ್ನಿ ಆದ್ರೂ ನಮ್ಮ ಹೆಸರು ಐತಲ್ರಿ, ಸಾಕು. ಇನ್ನ ಊಟ ಮಾಡ್ತೇವಿ.”

ತಿಂಗಳಿಡೀ ಯಾರ ಮೈಗೂ ಗೀರು ಬೀಳದಂತೆ ದುಡಿದವರನ್ನೇ ನಾನು ಬಿಟ್ಟುಬಿಟ್ಟಿದ್ದೆ. ಅಂದು ನನ್ನ ಡಬ್ಬಿಯನ್ನೂ ಅವರ ನಡುವೆಯೇ ಕುಳಿತು ಬಿಚ್ಚಿದೆ. ಈಗ ಯಾವ ಚಾರ್ಟ್ ಹಚ್ಚುವಾಗಲೂ ಮೊದಲು ಸೊನ್ನೆಗಳನ್ನು ಹುಡುಕುತ್ತೇನೆ.