ಕೊನೆಯ ಬಾಟಲಿ ಬಿದ್ದದ್ದು ಹೇಗೆ

ವಡಗಾವಿಯ ನೇಕಾರ ಶಿವಲಿಂಗನಷ್ಟು ಹಟಮಾರಿಯನ್ನು ನಾನು ಕಂಡಿಲ್ಲ. ನಮ್ಮ ಬೆಳಗಾವಿಯಲ್ಲಿ ಯಾರೂ ಆಡದ ಆಟವೊಂದರ ಮೇಲೆ ಅವನಿಗೆ ಜೀವ. ನುಣುಪಾದ ಮರದ ಹಾಸಿನ ಮೇಲೆ ಭಾರದ ಗುಂಡು ಉರುಳಿಸಿ, ಆ ತುದಿಯ ಹತ್ತು ಗೂಟಗಳನ್ನು ಬೀಳಿಸುವ ಬೌಲಿಂಗ್. ಕ್ರಿಕೆಟ್ಟಿನದಲ್ಲ, ಟಿವಿಯಲ್ಲಿ ಬರುತ್ತಿದ್ದದ್ದು. ಗೂಟಗಳು ಸೋಡಾ ಬಾಟಲಿಯಂತೆ ಕಾಣುತ್ತಿದ್ದುದರಿಂದ ನಾವು ಅವನ್ನು ಬಾಟಲಿ ಎಂದೇ ಕರೆಯುತ್ತಿದ್ದೆವು.

ತೊಂಬತ್ತಮೂರರಲ್ಲಿ ನನ್ನ ವಿಡಿಯೊ ಅಂಗಡಿಗೆ ಕೇಬಲ್ ಬಂತು. ರವಿವಾರ ಮಧ್ಯಾಹ್ನ ವಿದೇಶದ ಪಂದ್ಯ ತೋರಿಸುತ್ತಿದ್ದರು. ಶಿವಲಿಂಗ ಮಗ್ಗ ನಿಲ್ಲಿಸಿ ಓಡಿ ಬರುವಷ್ಟರಲ್ಲಿ, ಪಕ್ಕದ ಓಣಿಯಲ್ಲಿ ಬಾಡಿಗೆಗಿದ್ದ ಗುಮಾಸ್ತ ಬಾಳಕೃಷ್ಣರು ಮುಂದಿನ ಕುರ್ಚಿ ಹಿಡಿದಿರುತ್ತಿದ್ದರು. ಒಮ್ಮೆ ಇಬ್ಬರೂ ಓಣಿಯಲ್ಲೇ ಖಾಲಿ ಬಾಟಲಿ ನಿಲ್ಲಿಸಿ ಗುಂಡುಕಲ್ಲು ಉರುಳಿಸಿದರು. ಎದುರುಮನೆಯ ಸಂಗವ್ವನ ನೀರಿನ ಕೊಡ ಒಡೆಯಿತು. ಬೈಗುಳ ತಿಂದವನು ಮಾತ್ರ ನಾನು.

ಅದೇ ವರ್ಷ ಒಂದು ಫೈನಲ್. ಎಡಗೈ ಆಟಗಾರನ ಕೊನೆಯ ಗುಂಡಿಗೆ ಒಂಬತ್ತು ಬಾಟಲಿ ಬಿದ್ದವು. ಹತ್ತನೆಯದು ತೂಗಾಡಿ ತೂಗಾಡಿ ಕೊನೆಗೆ ಬಿತ್ತು. ತಾನಾಗಿಯೇ ಬಿತ್ತು ಎಂದ ಶಿವಲಿಂಗ. ಬಾಜೂ ಬಾಟಲಿ ಉರುಳಿ ಬಂದು ತಾಗಿತು ಎಂದರು ಬಾಳಕೃಷ್ಣ. ನಾನು ಪಂದ್ಯವನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದೆ. ಹಾಕಲೇ ಎಂದರೆ ಇಬ್ಬರೂ ಬೇಡವೆಂದರು.

“ನೋಡೂಣಂತ ನಿಧಾನಕ. ಎಲ್ಲಿ ಓಡಿ ಹೋಗತದ?” ಎಂದರು ಬಾಳಕೃಷ್ಣ. ಕ್ಯಾಸೆಟ್ಟನ್ನು ಶಿವಲಿಂಗ ಮನೆಗೆ ಒಯ್ದ.

ಆಮೇಲೆ ಆ ಕಾರ್ಯಕ್ರಮ ನಿಂತಿತು, ನನ್ನ ಅಂಗಡಿ ಮುಚ್ಚಿತು, ಬಾಳಕೃಷ್ಣರು ನಿವೃತ್ತರಾಗಿ ಖಾನಾಪುರಕ್ಕೆ ಹೋದರು. ಜಗಳ ನಿಲ್ಲಲಿಲ್ಲ. ತಿಂಗಳಿಗೊಮ್ಮೆ ಶಿವಲಿಂಗ ಬಸ್ಸು ಹತ್ತಿ ಹೋಗಿ, ಅವರ ಹೆಂಡತಿ ಗಂಗೂಬಾಯಿ ಕೊಟ್ಟ ಚಹಾ ಕುಡಿದು, ಹಳೆಯ ಪಂದ್ಯಗಳನ್ನೆಲ್ಲ ನೆನೆದು, ಆ ಬಾಟಲಿಯ ಮೇಲೆ ಕೂಗಾಡಿ ಬರುತ್ತಿದ್ದ. ಮಗ್ಗದ ಸದ್ದಿನಲ್ಲಿ ವಾರಗಟ್ಟಲೆ ತುಟಿ ಬಿಚ್ಚದವನು ಬಾಯ್ತುಂಬ ಮಾತಾಡುತ್ತಿದ್ದದ್ದು ಅಲ್ಲೊಂದೇ ಕಡೆ.

ಎರಡು ಸಾವಿರದ ಒಂದರಲ್ಲಿ ಬಾಳಕೃಷ್ಣರ ಒಂದು ಕಣ್ಣನ್ನು ಸಕ್ಕರೆ ಕಾಯಿಲೆ ತಿಂದು ಮುಗಿಸಿತು. ಇನ್ನೊಂದು ಕಣ್ಣೂ ದೀಪಾವಳಿಯವರೆಗೆ ಉಳಿಯುವುದಿಲ್ಲ ಎಂದರು ಡಾಕ್ಟರು. ಕ್ಯಾಸೆಟ್ ತಗೊಂಡು ಬಾ, ಆ ಬಾಟಲಿ ಒಮ್ಮೆ ನೋಡಿಬಿಡುತ್ತೇನೆ ಎಂದು ಅವರು ಕಾಗದ ಬರೆಸಿದರು. ನನ್ನ ಹಳೆಯ ವಿಸಿಆರನ್ನು ತೊಡೆಯ ಮೇಲಿಟ್ಟುಕೊಂಡು ನಾನೂ ಶಿವಲಿಂಗನ ಜೊತೆ ಹೋದೆ.

ಕ್ಯಾಸೆಟ್ ಒಳಗೆ ಹೋಯಿತು. ಪರದೆಯ ಮೇಲೆ ನಾಲ್ಕು ಗೆರೆ ನಡುಗಿದವು. ಕಿರ್ರೆಂದು ಸದ್ದಾಗಿ ಎಲ್ಲ ನಿಂತಿತು. ಹೊರಗೆ ಎಳೆದರೆ ಟೇಪು ತುಂಡಾಗಿ, ಸುರುಳಿಯೆಲ್ಲ ಒಂದಕ್ಕೊಂದು ಮೆತ್ತಿಕೊಂಡಿತ್ತು. ನಡುವೆ ಕೆಂಪು ಹಳದಿ ಪುಡಿ.

“ಏನ್ ಮಾಡಿಯೋ ಇದಕ್ಕ?” ಎಂದೆ.

ಶಿವಲಿಂಗ ಆ ಪುಡಿಯನ್ನು ಬೆರಳಿನಿಂದ ಒರೆಸಿ ನೋಡಿದ. “ವರ್ಷಾ ದಸರಾದಾಗ ಖಂಡೇ ಪೂಜ್ಯಾಗ ಇದನ್ನ ಮಗ್ಗದ ಲಾಳಿ ಬಾಜೂ ಇಡತಿದ್ನಿ. ನೀರ ಚಿಮುಕಿಸಿ ಅರಿಷಿಣ ಕುಂಕುಮ ಏರಿಸತಿದ್ನಿ. ಮಗ್ಗದಷ್ಟ ಇದೂ ನನಗ ದೊಡ್ಡದ ಐತಿ ಅಂತ.”

ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಎಂಟು ದಸರೆಯ ಪೂಜೆ! ಅಷ್ಟು ಭಕ್ತಿ ಯಾರಿಗೆ ಬೇಕಿತ್ತು?

ಬಾಳಕೃಷ್ಣರು ಟಿವಿಗೆ ಮುಖ ತಾಗುವಷ್ಟು ಹತ್ತಿರ ಕುಳಿತಿದ್ದರು. “ಏನೂ ಕಾಣವಲ್ದಲ್ಲೋ. ಕಣ್ಣ ಹೋತೋ, ಟೇಪ್ ಹೋತೋ?”

“ಟೇಪ್ ಹೋತ್ರಿ,” ಎಂದೆ.

ಶಿವಲಿಂಗ ಅವರ ಕೈ ಹಿಡಿದುಕೊಂಡ. “ನೀವ ಹೇಳಿದ್ದ ಖರೇ, ಬಾಳಣ್ಣ. ಬಾಜೂ ಬಾಟ್ಲಿ ತಾಗೇ ಬಿದ್ದಿತ್ರಿ. ನಂದ ತಪ್ಪ.” ಎಂಟು ವರ್ಷದಲ್ಲಿ ಅವನು ಸೋತದ್ದು ಅದೇ ಮೊದಲು.

ಬಾಳಕೃಷ್ಣರು ಮೆಲ್ಲಗೆ ಕೈ ಬಿಡಿಸಿಕೊಂಡರು.

“ಕಣ್ಣ ಹೋದ ಮ್ಯಾಲೆ ನನಗ ಉಳಿಯೂದು ಆ ಜಗಳ ಒಂದ ಇತ್ತಲ್ಲೋ, ಶಿವಲಿಂಗಾ. ಅದನ್ನೂ ಮುಗಿಸಿಬಿಟ್ಟಿ.”