ಮಾವನವರ ದಾರಿ ಬಿಟ್ಟು ಒಂದು ಕೊಳ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಮಕ್ತಲ್‌ನಲ್ಲಿ ನಾನು ಎರಡನ್ನೂ ಮಾಡಿ ಮುಗಿಸಿದವಳು. ಹಿತ್ತಲಲ್ಲಿ ಒಂದು ಮೀನಿನ ಕೊಳ ಯಾವ ಲೆಕ್ಕ? ತೆಲಂಗಾಣ ರಾಜ್ಯವಾದ ಆ ಬೇಸಿಗೆಯಲ್ಲಿ ಪೇಟೆಯ ತುಂಬ ಪಟಾಕಿ ಹಾರುತ್ತಿದ್ದರೆ ನಾನು ರಂಗೋಲಿ ಪುಡಿಯ ಡಬ್ಬಿ ಹಿಡಿದು ಹಿತ್ತಲಲ್ಲಿ ನಿಂತಿದ್ದೆ. ಕೆಂಪು, ಬಿಳಿ ಬಣ್ಣದ, ಕೋಯಿ ಎಂಬ ಅಲಂಕಾರದ ಮೀನು ಸಾಕಬೇಕೆಂಬುದು ನನ್ನ ಹಟ.

ಆಳದ ಬಗ್ಗೆ ಅನುಮಾನವೇ ಇರಲಿಲ್ಲ. ನಮ್ಮ ಬಿಸಿಲಿಗೆ ಮೊಣಕಾಲುದ್ದದ ನೀರು ಮಧ್ಯಾಹ್ನಕ್ಕೆ ಸ್ನಾನದ ನೀರಾಗಿಬಿಡುತ್ತದೆ, ಸೊಂಟ ಮುಳುಗುವಷ್ಟಾದರೂ ಬೇಕು. ಮೂಲೆ ಇರಬಾರದು, ಮೂಲೆಯಲ್ಲಿ ಕಸ ಕೂರುತ್ತದೆ. ಬೇವಿನ ನೆರಳು ಬೇಕು, ಎಲೆ ಬೇಡ. ಬಚ್ಚಲಿನಿಂದ ಬೇವಿನ ಕಟ್ಟೆಯ ಹತ್ತಿರದವರೆಗೆ ದೊಡ್ಡದೊಂದು ಕೋಳಿಮೊಟ್ಟೆಯ ಆಕಾರ ಬರೆದೆ. ಗೆರೆ ಎಂದರೆ ಗೆರೆ! ನನ್ನ ಕೈ ಹಾಗೆ.

ಬೆಳಿಗ್ಗೆ ನೋಡಿದರೆ ಎರಡು ಕಡೆ ಅಳಿಸಿತ್ತು. ಪಕ್ಕದ ಮನೆಯ ಆಡಿಗೆ ಶಾಪ ಹಾಕಿ ತಿದ್ದಿದೆ. ಮರುದಿನವೂ ಅದೇ ಎರಡು ಕಡೆ ಅಳಿಸಿತ್ತು. ಕಳ್ಳರನ್ನು ಹಿಡಿಯುವಂತೆ ಕಾದು ನಿಂತೆ.

ಬಂದವರು ನನ್ನ ಮಾವನವರು. ನಾರಾಯಣಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸಿದವರು. ಕಣ್ಣು ಹೋಗಿ ಕೆಲವು ವರ್ಷವಾಗಿತ್ತು. ಬೀದಿಗೆ ಹೋಗಲು ಇನ್ನೊಬ್ಬರ ಕೈ ಹಿಡಿಯಬೇಕು, ಅದು ಅವರಿಗೆ ಸೇರುತ್ತಿರಲಿಲ್ಲ. ಒಬ್ಬರೇ ನಡೆಯುತ್ತಿದ್ದುದು ಇಲ್ಲಿ ಮಾತ್ರ, ಹಿಂಬಾಗಿಲಿನಿಂದ ಬೇವಿನ ಕಟ್ಟೆಗೆ. ಅದೂ ನೇರವಾಗಿ ಅಲ್ಲ. ಹಿಂದೆ ಹಿತ್ತಲ ನಡುವೆ ನೆಲದೊಳಗೆ ಜೋಳ ತುಂಬಿಡುವ ಹಗೇವು ಇತ್ತು. ಅದನ್ನು ಮುಚ್ಚಿ ಎಷ್ಟೋ ಕಾಲವಾದರೂ ಅವರ ಕಾಲು ಅದನ್ನು ಸುತ್ತಿ ಬಳಸಿಕೊಂಡೇ ಹೋಗುತ್ತಿತ್ತು. ಹಾಗೆ ಬಳಸಿ, ಕೈ ಬೀಸಿಕೊಂಡು, ನನ್ನ ಕೊಳದೊಳಗೆ ಹೊಕ್ಕು ಹೊರಬಂದರು.

"ಅಪ್ಪಗ ಪಡಸಾಲ್ಯಾಗ ಕುರ್ಚಿ ಹಾಕಿದ್ರಾತು, ಕಟ್ಟಿ ಯಾಕ?" ಎಂದರು ನನ್ನ ಯಜಮಾನರು.

ನನಗೆ ಸಿಟ್ಟು ನೆತ್ತಿಗೇರಿತು. "ಕೊಳ ಸರಿಸಾಕ ಬರತೈತಿ. ಮಾವಾರ ದಾರಿ ಸರಿಸಾಕ ಬರಂಗಿಲ್ರಿ."

"ಹೊರಗ ರಾಜ್ಯದ ಗಡಿ ಮುಗೀತು, ನಿನ್ನ ಹಿತ್ತಲದ್ದು ಮುಗೀವಲ್ದು," ಎಂದು ಅವರು ನಕ್ಕರು.

ಮೊಟ್ಟೆಯನ್ನು ಅಳಿಸಿದೆ. ಮಾವನವರು ಹೇಗೂ ಕಾಲಿಡದ ಆ ಹಗೇವಿನ ಜಾಗದಲ್ಲೇ, ಅವರ ಹೆಜ್ಜೆಯಿಂದ ಇನ್ನೊಂದಿಷ್ಟು ಒಳಗೆ ಸರಿದು, ಗುಂಡಗೆ ಗೆರೆ ಎಳೆದೆ. ಕೊಳ ಅರ್ಧಕ್ಕರ್ಧ ಚಿಕ್ಕದಾಯಿತು. ಬೇಜಾರಾಯಿತು, ಸುಳ್ಳೇಕೆ ಹೇಳಲಿ? ಆಳವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಸುತ್ತ ಮೊಣಕಾಲೆತ್ತರ ಕಲ್ಲು ಕಟ್ಟಿಸಿದೆ.

ನೀರು ತುಂಬಿ ಮೀನು ಬಿಟ್ಟ ಮರುದಿನ ಬೆಳಿಗ್ಗೆ ನಾವಿಬ್ಬರೂ ಉಸಿರು ಬಿಗಿಹಿಡಿದು ಬಾಗಿಲಲ್ಲಿ ನಿಂತೆವು. ಮಾವನವರು ಎಂದಿನಂತೆ ಬಂದು, ನೀರಿನ ಸದ್ದು ಕೇಳಿ ನಿಂತರು. ಬಗ್ಗಿದರು. ಅಂಗಡಿಯಲ್ಲಿ ಬಟ್ಟೆ ಅಳೆಯುವ ಹಾಗೆ, ತಮ್ಮ ಪಾದದಿಂದ ಕಲ್ಲಿನವರೆಗೆ ಮೊಳ ಹಾಕಿದರು.

"ಯವ್ವಾ," ಎಂದರು, ನಾನು ಅಲ್ಲಿರುವುದು ಗೊತ್ತಿದ್ದವರಂತೆ. "ನನ್ನ ಸಲುವಾಗಿ ಇಷ್ಟ್ಯಾಕ ಬಿಟ್ಟಿ? ನನಗ ಒಂದು ಮೊಳ ಸಾಕಿತ್ತು. ಮೀನಿಗೆ ಇಕ್ಕಟ್ಟಾಗತೈತಿ."

"ಅವು ಹೊಂದ್ಕೊಂತಾವ. ನೀವು ನಡೀರಿ ಮಾವಾರ," ಎಂದೆ.

ಅವರು ಕೈ ಬೀಸಿಕೊಂಡು ಕಟ್ಟೆಗೆ ಹೋದರು, ಒಬ್ಬರೇ.