ಲೇಬಲ್ ಮತ್ತು ಅವನ ಎರಡು ಬ್ಯಾಟರಿ

ನನ್ನ ಷಡ್ಡಕನಿಗೆ ಲೇಬಲ್ ಎಂದು ಹೆಸರಿಟ್ಟವನು ನಾನೇ. ಅವನಿಗೆ ಮದುವೆಯಾದ ಹೊಸತರಲ್ಲಿ ಒಂದು ದಿನ ಅವರ ಮನೆಗೆ ಹೋಗಿದ್ದೆವು. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಗೆ ‘ಉಪ್ಪು’ ಎಂದು, ಸಕ್ಕರೆ ಡಬ್ಬಿಗೆ ‘ಸಕ್ಕರೆ’ ಎಂದು ಬಿಳಿ ಚೀಟಿ ಅಂಟಿಸಿದ್ದ. ಸ್ವಿಚ್ ಬೋರ್ಡಿನ ಮೇಲೂ ಅದೇ: ಫ್ಯಾನು, ದೀಪ, ಹೊರಗಿನ ದೀಪ. ಅಕ್ಷರ ಮಾತ್ರ ಅಚ್ಚು ಹಾಕಿದ ಹಾಗೆ.

“ಹೆಂಡ್ತಿಗೂ ಒಂದು ಚೀಟಿ ಅಂಟಿಸಿಬಿಡಯ್ಯ, ಮರೆತುಗಿರೆತುಬಿಟ್ಟೀಯ” ಎಂದೆ.

ಎಲ್ಲರೂ ನಕ್ಕರು. ಅವನೂ ನಕ್ಕ. ನನಗೆ ಸಿಟ್ಟು ಬಂದದ್ದು ಅದಕ್ಕೇ. ಗೇಲಿ ಮಾಡಿಸಿಕೊಂಡವನು ಮುಖ ಹುಳ್ಳಗೆ ಮಾಡಿಕೊಳ್ಳಬೇಕು, ಇಲ್ಲವೇ ತಿರುಗಿ ಒಂದು ಮಾತು ಕೊಡಬೇಕು. ಇವನು ಎರಡನ್ನೂ ಮಾಡದೆ ಹೊಟ್ಟೆ ತುಂಬ ನಕ್ಕು, “ಅಣ್ಣ, ಕೂತ್ಕೊಳ್ಳಿ, ಟೀ ತರ್ತೀನಿ” ಎಂದು ಎದ್ದು ಹೋದ.

ಅವನು ಬರುವ ಮುಂಚೆ ಮಾವನ ಮನೆಯಲ್ಲಿ ಏನೇ ಕೆಟ್ಟರೂ ನನಗೇ ಬುಲಾವ್. ನಾನು ವಾಹನಗಳ ಎಲೆಕ್ಟ್ರಿಷಿಯನ್. ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಯಲ್ಲಿ ಇಪ್ಪತ್ತಮೂರು ವರ್ಷದಿಂದ ಸ್ಟಾರ್ಟರು, ಡೈನಮೋ, ಹಾರನ್ನು ಎನ್ನುತ್ತ ಕೂತವನು. ಆದರೂ ಅತ್ತೆಯ ಮಿಕ್ಸಿ ನಿಂತರೆ ನಾನು, ನೀರಿನ ಮೋಟರು ಹಟ ಹಿಡಿದರೆ ನಾನು, ಇಸ್ತ್ರಿ ಪೆಟ್ಟಿಗೆ ಶಾಕ್ ಹೊಡೆದರೆ ನಾನು. ಮಾವ ಮೂವತ್ತೊಂದು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಎಂಜಿನ್ನಿನ ಹತ್ತಿರ ಯಾರು ಬಂದರೂ ಗುರ್ ಎನ್ನುವ ಮನುಷ್ಯ, ನನ್ನನ್ನು ಕಂಡರೆ ಮಾತ್ರ ಪಕ್ಕಕ್ಕೆ ಸರಿದು ಜಾಗ ಬಿಡುತ್ತಿದ್ದರು. ಆ ಸರಿಯುವಿಕೆ ನನಗೆ ಹತ್ತು ಹಾರಕ್ಕೆ ಸಮ. ಅದನ್ನು ಯಾರೊಂದಿಗೂ ಹಂಚಿಕೊಳ್ಳುವ ಮನಸ್ಸು ನನಗೆ ಇರಲಿಲ್ಲ.

ಲೇಬಲ್‌ನ ಅಪ್ಪ ದರ್ಜಿ. ಇವನು ಹತ್ತನೇ ತರಗತಿ ಮುಗಿಸಿ ಟೈಪ್‌ರೈಟರ್ ರಿಪೇರಿ ಅಂಗಡಿ ಸೇರಿದ. ಅಕ್ಷರದ ಕಡ್ಡಿಗಳನ್ನು ಬಿಚ್ಚಿ, ಎಣ್ಣೆ ಒರೆಸಿ, ಮತ್ತೆ ಅದೇ ಸಾಲಿಗೆ ಕೂರಿಸುವ ಕೆಲಸ. ಚೀಟಿ ಅಂಟಿಸುವ ಚಟ ಹುಟ್ಟಿದ್ದು ಅಲ್ಲಿಯೇ ಅಂತೆ; ಒಂದು ಕಡ್ಡಿ ಆಚೀಚೆ ಆದರೂ ಇಡೀ ಯಂತ್ರ ಬೇರೆ ಭಾಷೆ ಮಾತಾಡುತ್ತಿತ್ತಂತೆ. ಕಚೇರಿಗಳು ಟೈಪ್‌ರೈಟರುಗಳನ್ನು ಗುಜರಿಗೆ ಎಸೆದಾಗ ಅಂಗಡಿಯ ಯಜಮಾನ ಬಾಗಿಲು ಹಾಕಿದ. ಇವನು ಕೆಟ್ಟ ಕಂಪ್ಯೂಟರೊಂದನ್ನು ಮನೆಗೆ ಹೊತ್ತು ತಂದ. ಮೊಟ್ಟೆ ಇಡುವ ಟ್ರೇಯ ಒಂದೊಂದು ಗುಳಿಗೆ ಒಂದೊಂದು ಸ್ಕ್ರೂ ಹಾಕುತ್ತ ಬಿಚ್ಚಿ, ಆರು ತಿಂಗಳು ಅದರ ಮುಂದೆ ಕೂತು ತಾನೇ ಕಲಿತ. ಗುರು ಇಲ್ಲ, ಸರ್ಟಿಫಿಕೇಟ್ ಇಲ್ಲ. ಇದನ್ನೆಲ್ಲ ಬರೆಯುವಾಗಲೂ ನನ್ನ ಹೊಟ್ಟೆಯಲ್ಲಿ ಸಣ್ಣಗೆ ಏನೋ ಸುಡುತ್ತದೆ.

ಅವನು ನನ್ನ ಜಾಗವನ್ನು ಕಿತ್ತುಕೊಳ್ಳಲಿಲ್ಲ. ಕಿತ್ತುಕೊಂಡಿದ್ದರೆ ಜಗಳವಾದರೂ ಆಡಬಹುದಿತ್ತು. ಒಮ್ಮೆ ನನಗೆ ಕೆಲಸ ಜಾಸ್ತಿ ಇದ್ದಾಗ ಅತ್ತೆಯ ಮಿಕ್ಸಿ ನೋಡಿದ. ಇನ್ನೊಮ್ಮೆ ಮೋಟರು ನೋಡಿದ. ಆಮೇಲೆ ಅತ್ತೆ, “ಪಾಪ, ನೀವು ದಣಿದಿರ್ತೀರಿ, ಅವನನ್ನೇ ಕರೀತೀನಿ ಬಿಡಿ” ಎನ್ನತೊಡಗಿದರು. ನನಗೆ ದಣಿವಾಗುತ್ತದೆಂದು ಅವರಿಗೆ ಹೇಳಿದವರು ಯಾರು?

ನನ್ನ ಹೆಂಡತಿ ಒಂದು ದಿನ ಬಟ್ಟೆ ಮಡಚುತ್ತ, “ನಿಮ್ಮ ಹೊಟ್ಟೆಯಲ್ಲಿ ಉರೀತಿದೆಯಲ್ಲ, ಅದಕ್ಕೊಂದು ವೈರ್ ಎಳೆದ್ರೆ ಬೀದಿಗೆಲ್ಲ ದೀಪ ಹಾಕಬಹುದು” ಎಂದಳು. ಹೆಂಡತಿ ನಿಜ ಹೇಳಿದಾಗ ಸುಮ್ಮನಿರುವುದೇ ಕ್ಷೇಮ.

ಬಸ್ಸಿನ ವಿಷಯ ಬಂದದ್ದು ಆಗಲೇ. ಲೇಬಲ್‌ನ ಹೆಂಡತಿ, ಅಂದರೆ ನನ್ನ ನಾದಿನಿ, ಮನೆಯಲ್ಲಿ ಕೂತು ಜನರ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿ ಕಳಿಸುವ ಕೆಲಸ ಮಾಡುತ್ತಿದ್ದಳು. ಪಿಂಚಣಿ, ಶಾಲೆಯ ಸೀಟು, ವಿಧವಾ ವೇತನ. ಮನೆ ಮೂಲೆಯ ಬೀದಿಯಲ್ಲಿ, ಕರೆಂಟು ಬೇರೆ ಹೋಗಿ ಬಂದು ಮಾಡುತ್ತದೆ. ಅರ್ಜಿ ಹಾಕುವ ಮುದುಕರಿಗೆ ಅಷ್ಟು ದೂರ ನಡೆಯಲು ಆಗದು. ಮಾವನ ಹತ್ತಿರ ಒಂದು ಹಳೆಯ ಮಿನಿಬಸ್ ಇತ್ತು. “ಕಂಪ್ಯೂಟರನ್ನ ಬಸ್ಸಲ್ಲೇ ಕೂರಿಸಿದ್ರೆ? ನಾವೇ ಜನರ ಹತ್ತಿರ ಹೋಗೋಣ” ಎಂದಳು ನಾದಿನಿ. ಮಾವನ ಕಣ್ಣು ಹೊಳೆಯಿತು. ಸ್ಟೀರಿಂಗ್ ಬಿಟ್ಟಾಗಿನಿಂದ ಅವರು ಜೀವ ಇಲ್ಲದವರ ಹಾಗೆ ಇದ್ದರು.

ಬಸ್ಸಿನ ವೈರಿಂಗ್ ಎಂದರೆ ನನ್ನದೇ. ನಾನು ಕೈ ಒರೆಸಿಕೊಂಡು ಎದ್ದೇ ನಿಂತಿದ್ದೆ. ಮಾವ ಲೇಬಲ್‌ನ ಕಡೆ ತಿರುಗಿ, “ಕಂಪ್ಯೂಟರ್ ಅಲ್ವಾ, ನೀನೇ ಮಾಡ್ಬಿಡಪ್ಪ” ಎಂದರು. ಅಷ್ಟೇ ಮಾತು. ನಾನು ಮತ್ತೆ ಕೂತೆ.

ಮೂರು ದಿನ ಮಾವನ ಮನೆಯಂಗಳದಲ್ಲಿ ಕೆಲಸ ನಡೆಯಿತು. ನೋಡುವುದಿಲ್ಲ ಎಂದುಕೊಂಡೇ ಮೂರೂ ದಿನ ಹೋಗಿ ನೋಡಿದೆ. ಇನ್ವರ್ಟರ್ ಯಾಕೆ ಹಾಕುತ್ತಿಲ್ಲ ಎಂದು ಕೇಳಿದೆ, ತಪ್ಪು ಸಿಕ್ಕೀತು ಎಂಬ ಆಸೆಯಿಂದ.

“ಬ್ಯಾಟರಿಯ ಹನ್ನೆರಡು ವೋಲ್ಟನ್ನ ಮನೆ ಕರೆಂಟು ಮಾಡಿ, ಕಂಪ್ಯೂಟರ್ ಒಳಗೆ ಅದನ್ನೇ ಮತ್ತೆ ಹನ್ನೆರಡು ಮಾಡೋದು ಯಾಕಣ್ಣ? ನೇರವಾಗಿ ಕೊಡೋ ಪವರ್ ಸಪ್ಲೈ ಒಂದು ಮಾಡಿದೀನಿ.”

ತಪ್ಪು ಸಿಗಲಿಲ್ಲ. ತಂತಿಗಳನ್ನು ಕೊಳವೆಯೊಳಗೆ ಹಾಕಿ, ಕಬ್ಬಿಣಕ್ಕೆ ಉಜ್ಜುವ ಕಡೆ ರಬ್ಬರ್ ಬಳೆ ತೊಡಿಸಿದ್ದ. ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ ಇಟ್ಟಿದ್ದ. ಇದನ್ನು ನನ್ನ ಕಸುಬಿನವರೇ ಅರ್ಧ ಜನ ಮರೆಯುತ್ತಾರೆ. ಎಲ್ಲಕ್ಕೂ ಬಿಳಿ ಚೀಟಿ. ಮಾವ ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟು ನಿಂತಿದ್ದರು. ನನಗೆ ಸರಿಯುತ್ತಿದ್ದರಲ್ಲ, ಹಾಗೆಯೇ.

ಮೂರನೇ ದಿನ ಅವನು ಬಸ್ಸಿನ ಕೆಳಗಿನಿಂದ ತಲೆ ಎತ್ತಿ ಕೇಳಿದ: “ಅಣ್ಣ, ಇದು ಇಪ್ಪತ್ತನಾಲ್ಕು ವೋಲ್ಟಿನ ಗಾಡಿ. ಹನ್ನೆರಡರ ಎರಡು ಬ್ಯಾಟರಿ ಜೋಡಿಸಿದ್ದಾರೆ. ನನಗೆ ಬೇಕಾಗಿರೋದು ಹನ್ನೆರಡೇ. ಎಲ್ಲಿಂದ ತಗೊಳ್ಳಲಿ? ಗಾಡಿ ವಿಷಯ ನನಗೆ ಗೊತ್ತಾಗಲ್ಲ.”

ನನ್ನ ಕಸುಬಿನಲ್ಲಿ ಇದು ಮೊದಲ ವರ್ಷದ ಪಾಠ. ಜೋಡಿಯಲ್ಲಿ ಒಂದೇ ಬ್ಯಾಟರಿಯಿಂದ ಕರೆಂಟು ಕದಿಯಬಾರದು. ಕದ್ದರೆ ಅದು ದಿನಾ ಅರೆಹೊಟ್ಟೆಯಲ್ಲಿ ಉಳಿಯುತ್ತದೆ, ಪಕ್ಕದ್ದು ಅತಿಯಾಗಿ ಚಾರ್ಜ್ ಆಗಿ ನೀರು ಕುದಿಸಿಕೊಳ್ಳುತ್ತದೆ, ಕೆಲವು ತಿಂಗಳಲ್ಲಿ ಎರಡೂ ಹಾಳು. ಇಪ್ಪತ್ತನಾಲ್ಕನ್ನು ಹನ್ನೆರಡಕ್ಕೆ ಇಳಿಸುವ ಕನ್ವರ್ಟರ್ ಹಾಕಬೇಕು. ಅಂಥದೊಂದು ನನ್ನ ಅಂಗಡಿಯ ಮೇಲಿನ ಶೆಲ್ಫಿನಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಕೂತಿತ್ತು.

“ಒಂದು ಬ್ಯಾಟರಿಯಿಂದ ತಗೊಳ್ಳಯ್ಯ. ಏನೂ ಆಗಲ್ಲ” ಎಂದೆ.

“ಒಂದ್ಸಲ ಮೀಟರ್ ಹಿಡಿದು ನೋಡೋ” ಎಂದರು ಮಾವ.

“ಅಣ್ಣ ಹೇಳಿದ ಮೇಲೆ ನೋಡೋದೇನಿದೆ ಮಾವ?” ಎಂದು ಅವನು ಮತ್ತೆ ಬಸ್ಸಿನ ಕೆಳಗೆ ನುಸುಳಿದ.

ಮನೆಗೆ ಬರುವಾಗ ನನ್ನ ಹೊಟ್ಟೆ ತಣ್ಣಗಿತ್ತು. ಆರು ತಿಂಗಳು, ಹೆಚ್ಚೆಂದರೆ ಎಂಟು. ಒಂದು ಬೆಳಿಗ್ಗೆ ಬಸ್ಸು ಸ್ಟಾರ್ಟ್ ಆಗುವುದಿಲ್ಲ. ಮಾವ ನನಗೆ ಫೋನ್ ಮಾಡುತ್ತಾರೆ. ನಾನು ಹೋಗಿ, ಬ್ಯಾಟರಿ ನೋಡಿ, “ಯಾರು ಮಾಡಿದ್ದು ಇದನ್ನ?” ಎಂದು ಕೇಳುತ್ತೇನೆ. ಅಷ್ಟರಲ್ಲಿ ನನ್ನ ಮಾತು ಮಾವನಿಗೆ ಮರೆತಿರುತ್ತದೆ. ಆ ಪ್ರಶ್ನೆಯನ್ನು ಸ್ಕೂಟರಿನ ಮೇಲೆ ನಾಲ್ಕು ಬಗೆಯಲ್ಲಿ ಹೇಳಿ ನೋಡಿದೆ.

ಬಸ್ಸು ಹೊರಟಿತು. ನ್ಯಾಯಾಲಯದ ಗೇಟು, ಸರ್ಕಾರಿ ಆಸ್ಪತ್ರೆ, ಊರಾಚೆಯ ಕಾಲೊನಿಗಳು. ಜನ ಅದಕ್ಕೆ ‘ಅರ್ಜಿ ಬಸ್ಸು’ ಎಂದು ಹೆಸರಿಟ್ಟರು. ಕೋಲೂರಿಕೊಂಡು ಬಂದ ಅಜ್ಜಿಯರು ನಾದಿನಿಯ ಗಲ್ಲ ಹಿಡಿದು ಹರಸಿ ಹೋದರು. ಆರು ತಿಂಗಳು ಕಳೆಯಿತು. ಎಂಟು ಕಳೆಯಿತು. ವರ್ಷ ತುಂಬಿತು. ಒಂದೇ ಒಂದು ದಿನ ಬಸ್ಸು ಕೆಮ್ಮಲಿಲ್ಲ.

ಮಾವನ ಮನೆಗೆ ಹೋದಾಗಲೆಲ್ಲ ಟೈರು ನೋಡುವ ನೆಪದಲ್ಲಿ ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡುತ್ತಿದ್ದೆ. ತಂತಿ ಒಂದೇ ಬ್ಯಾಟರಿಯಿಂದಲೇ ಹೊರಟಿತ್ತು, ನಾನು ಹೇಳಿದ ಹಾಗೆ. ನೀರು ಸರಿಯಾಗಿತ್ತು. ನನ್ನ ಇಪ್ಪತ್ತಮೂರು ವರ್ಷದ ವಿದ್ಯೆ ಸುಳ್ಳೇ ಎಂದು ತಲೆ ಕೆಟ್ಟುಹೋಯಿತು. ಇವನು ಮುಟ್ಟಿದರೆ ಬ್ಯಾಟರಿಯೂ ನಿಯಮ ಮರೆಯುತ್ತದೆಯೇ? ಒಂದು ಭಾನುವಾರ ಮಾತ್ರ ಒಂದು ತಪ್ಪು ಕಣ್ಣಿಗೆ ಬಿತ್ತು. ಎಡಗಡೆಯ ಬ್ಯಾಟರಿಗೆ ‘೨’ ಎಂದು, ಬಲಗಡೆಯದಕ್ಕೆ ‘೧’ ಎಂದು ಚೀಟಿ ಇತ್ತು. ಲೇಬಲ್‌ಗೆ ಲೇಬಲ್ ಅಂಟಿಸಲೂ ಬರುವುದಿಲ್ಲ ಎಂದು ಆ ದಿನವಿಡೀ ಖುಷಿಪಟ್ಟೆ. ಊಟಕ್ಕೆ ಕೂತಾಗ ಎರಡು ತುತ್ತು ಹೆಚ್ಚೇ ಇಳಿಯಿತು.

ಮರುವರ್ಷ ಶಾಲೆಗಳ ಅರ್ಜಿಯ ಸಮಯಕ್ಕೆ ಸರಿಯಾಗಿ ಲೇಬಲ್‌ನ ತಾಯಿ ಬಿದ್ದು ಸೊಂಟ ಮುರಿದುಕೊಂಡರು. ಅವನು ತಿಂಗಳಿಗೂ ಮೇಲ್ಪಟ್ಟು ಅವರ ಹತ್ತಿರ ಹೋಗಿ ಇರಬೇಕಾಯಿತು. ಅರ್ಜಿಯ ಕೊನೆಯ ದಿನ ಮಧ್ಯಾಹ್ನ ಮಾವನ ಫೋನ್ ಬಂತು. “ಬಸ್ಸು ಸ್ಟಾರ್ಟ್ ಆಗ್ತಿಲ್ಲ, ಕಂಪ್ಯೂಟರೂ ಆಫ್ ಆಯ್ತು. ಕೋರ್ಟ್ ಗೇಟಿನ ಹತ್ತಿರ ಮೂವತ್ತು ಜನ ಇದ್ದಾರೆ. ಬೇಗ ಬನ್ನಿ.”

ಒಂದೂವರೆ ವರ್ಷ ಕಾದ ಫೋನು. ಎರಡು ಬ್ಯಾಟರಿ, ಶೆಲ್ಫಿನ ಮೇಲಿನ ಕನ್ವರ್ಟರು ಎಲ್ಲ ಹೇರಿಕೊಂಡು ಹೋದೆ. ನಾದಿನಿಯ ಕಣ್ಣು ಕೆಂಪಗಿತ್ತು. ಒಬ್ಬ ತಾಯಿ ಮಗಳ ಅಂಕಪಟ್ಟಿ ಎದೆಗೆ ಒತ್ತಿಕೊಂಡು, “ಐದು ಗಂಟೆ ಒಳಗೆ ಆಗುತ್ತಾ ಸ್ವಾಮಿ?” ಎಂದು ಕೇಳಿದಳು. ಆ ಮಗುವಿನ ಸೀಟಿಗೆ ಕಲ್ಲು ಹಾಕಿದವನು ನಾನು ಎಂದು ಅವಳಿಗೆ ಗೊತ್ತಿರಲಿಲ್ಲ. ಪೆಟ್ಟಿಗೆ ತೆರೆದೆ. ಒಂದು ಬ್ಯಾಟರಿ ಸತ್ತಿತ್ತು, ಇನ್ನೊಂದು ಒಣಗಿ ಊದಿಕೊಂಡಿತ್ತು. ಪುಸ್ತಕದಲ್ಲಿ ಇದ್ದ ಹಾಗೆ. ಅವಸರದಲ್ಲಿ ಹೊಸ ಬ್ಯಾಟರಿಗಳನ್ನು ಹಳೆಯ ತಂತಿಗೇ ಜೋಡಿಸಿದೆ. ಕಂಪ್ಯೂಟರ್ ಎದ್ದಿತು. ಸಾಲು ಮುಂದೆ ಸರಿಯಿತು. ಐದಕ್ಕೆ ನಾಲ್ಕು ನಿಮಿಷ ಇರುವಾಗ ಕೊನೆಯ ಅರ್ಜಿ ಹೋಯಿತು.

ಆಗ ನನ್ನ ಪ್ರಶ್ನೆ ಕೇಳಿದೆ. “ಯಾರು ಮಾಡಿದ್ದು ಇದನ್ನ, ಒಂದೇ ಬ್ಯಾಟರಿಯಿಂದ?”

ಮಾವ ತಲೆ ತಗ್ಗಿಸಿದರು. “ತಪ್ಪು ನಂದೇ. ಎರಡು ವಾರಕ್ಕೊಂದು ಸಲ ಎರಡನ್ನೂ ಅದಲುಬದಲು ಮಾಡಿ ಅಂತ ಹೇಳಿ ಹೋಗಿದ್ದ. ಚೀಟಿ ನೋಡ್ಕೊಂಡು ಒಂದು ಇದ್ದ ಕಡೆ ಎರಡು. ನನ್ನ ಬೆನ್ನಿಗೆ ಎತ್ತೋಕಾಗಲಿಲ್ಲ. ಬ್ಯಾಟರಿಗಳೂ ಹಳೇವು, ಕಂಪ್ಯೂಟರ್ ಬೇರೆ ದಿನವಿಡೀ ಓಡ್ತಿತ್ತು.”

“ಅದಲುಬದಲು?”

“ಒಂದು ಬ್ಯಾಟರಿ ಸೊರಗ್ತಿದೆ ಅಂತ ಮೊದಲ ತಿಂಗಳಲ್ಲೇ ಅಳೆದು ಕಂಡುಹಿಡಿದ. ಅವತ್ತಿಂದ ತಪ್ಪದೆ ಮಾಡ್ತಿದ್ದ. ಕನ್ವರ್ಟರ್ ಹಾಕ್ಬಿಡೋ ಅಂದೆ. ‘ಅಣ್ಣ ಬಂದಾಗೆಲ್ಲ ಮುಚ್ಚಳ ತೆಗೆದು ನೋಡ್ತಾರೆ, ಅದು ಕಂಡ್ರೆ ಬೇಜಾರು ಮಾಡ್ಕೋತಾರೆ. ಪಾಪ, ಅವರಿಗೆ ಇದು ಗೊತ್ತಿರಲಿಲ್ಲ ಅನ್ಸುತ್ತೆ. ಯಾರಿಗೂ ಹೇಳ್ಬೇಡಿ ಮಾವ’ ಅಂದ.”

ಆ ‘ಪಾಪ’ ನನ್ನ ಕಿವಿಯಲ್ಲಿ ಕೂತಿತು. ನಾಚಿಕೆ ಮೊದಲು ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಬರಲಿಲ್ಲ. ಮೊದಲು ಬಂದದ್ದು ಉರಿ. ಅವನು ನನ್ನನ್ನು ಕೆಲಸ ಬಾರದವನು ಎಂದುಕೊಂಡಿದ್ದ! ಕೆಲಸ ಬಾರದವನ ಮಾನ ಕಾಪಾಡಲು ಭಾನುವಾರಗಳಲ್ಲಿ ಬ್ಯಾಟರಿ ಹೊತ್ತಿದ್ದ, ಮಾವನ ಎದುರು ನನ್ನನ್ನು ಮಗುವಿನಂತೆ ಸಂಭಾಳಿಸಿದ್ದ. ನನ್ನಿಂದ ಅವನು ತೆಗೆದುಕೊಳ್ಳದೆ ಉಳಿದದ್ದು ಒಂದೇ, ನನ್ನ ಕಸುಬು. ಈಗ ಅದೂ ಹೋಗಿತ್ತು.

ಅವನು ಊರಿನಿಂದ ಬಂದ ಮರುದಿನವೇ ಕನ್ವರ್ಟರ್ ಹಿಡಿದು ಹೋದೆ. ಬಸ್ಸಿನ ಪಕ್ಕದಲ್ಲಿ ನಾವಿಬ್ಬರೇ.

“ಅವತ್ತು ನೀನು ಕೇಳಿದಾಗ ಇದು ನನ್ನ ಅಂಗಡೀಲೇ ಇತ್ತು. ಒಂದೇ ಬ್ಯಾಟರಿಯಿಂದ ತೆಗೆದ್ರೆ ಏನಾಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.”

ಅವನು ಕನ್ವರ್ಟರನ್ನು ನೋಡಿದ, ನನ್ನನ್ನಲ್ಲ. “ಗೊತ್ತಿತ್ತಾ?”

“ನಿನಗಿಂತ ಚೆನ್ನಾಗಿ ಗೊತ್ತಿತ್ತು.”

“ಮತ್ತೆ ಯಾಕಣ್ಣ?”

“ಹೊಟ್ಟೆಕಿಚ್ಚು ಕಣಯ್ಯ. ಇನ್ನೇನು?”

ಅವನು ನಗುತ್ತಾನೆ ಎಂದುಕೊಂಡೆ. ಎಲ್ಲಕ್ಕೂ ನಗುವವನು. ನಗಲಿಲ್ಲ. ಬೈಯಲೂ ಇಲ್ಲ. ಸ್ಪ್ಯಾನರ್ ಎತ್ತಿ ನನ್ನ ಕೈಗೆ ಕೊಟ್ಟ. ನಾನು ಹಳೆಯ ತಂತಿ ಬಿಚ್ಚಿ ಕನ್ವರ್ಟರ್ ಕೂರಿಸಿದೆ. ಅವನು ಟಾರ್ಚು ಹಿಡಿದ. ಆ ದಿನ ಮಾಡಿದಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಜೀವಮಾನದಲ್ಲಿ ಮಾಡಿಲ್ಲ. ರಬ್ಬರ್ ಬಳೆ ಕೂಡ ತೊಡಿಸಿದೆ.

“ಆಯ್ತು. ಸ್ವಿಚ್ ಹಾಕು” ಎಂದೆ.

ಅವನು ಸ್ವಿಚ್ ಹಾಕಲಿಲ್ಲ. ಚೀಲದಿಂದ ಮೀಟರ್ ತೆಗೆದ. ಕೆಂಪು ಕಡ್ಡಿ, ಕಪ್ಪು ಕಡ್ಡಿ ಹಿಡಿದು ಮೊದಲು ಒಂದನೇ ಬ್ಯಾಟರಿ ಅಳೆದ, ಆಮೇಲೆ ಎರಡನೆಯದು, ಆಮೇಲೆ ನನ್ನ ಕನ್ವರ್ಟರು. ಅಂಕಿ ನೋಡಿ, ಇನ್ನೊಮ್ಮೆ ಅಳೆದ.

“ಸರಿಯಾಗಿದೆ ಅಣ್ಣ” ಎಂದ.

ಈಗಲೂ ಅಣ್ಣ ಎಂದೇ ಕರೆಯುತ್ತಾನೆ. ಮನೆಗೆ ಹೋದರೆ ಎದ್ದು ಟೀ ತರುತ್ತಾನೆ. ಆದರೆ ನಾನು ಮುಟ್ಟಿದ್ದನ್ನೆಲ್ಲ ಒಮ್ಮೆ ಅಳೆದು ನೋಡುತ್ತಾನೆ.